ನಾಲ್ಕನೇ ಜ್ವರಕ್ಕೆ ಕೊಟ್ಟ ಶಿಕ್ಷೆ

ನನ್ನ ಮೊಮ್ಮಗಳನ್ನು ವಾಪಸ್ ಸೇರಿಸಿಕೊಂಡರು! ಹಾಸ್ಟೆಲಿಗೂ ಸೇರಿಸಿಕೊಂಡರು, ನರ್ಸಿಂಗಿನ ಕೊನೇ ಪರೀಕ್ಷೆಗೂ ಕೂರಿಸುತ್ತಾರೆ. ಸುಳ್ಳು ಹೇಳಿ ಯಾರ ಜೊತೆಗೋ ಸುತ್ತಲು ಹೋದವಳು ಅಂತ ಅವಳ ಮೇಲೆ ಹೊರಿಸಿದ್ದ ಮಾತನ್ನು ಹೊರಿಸಿದವರೇ ಎಲ್ಲರೆದುರು ವಾಪಸ್ ತೆಗೆದುಕೊಂಡರು. ರಾಮನಗರದಿಂದ ಬರುವಾಗ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸಿಗೆ ಹೇಳಿದೆ, ಹಿಂದಿನ ಸೀಟಿನವರಿಗೆ ಹೇಳಿದೆ, ಕಂಡಕ್ಟರಿಗೂ ಹೇಳಿದೆ. “ಒಳ್ಳೇದಾಯ್ತು ಬುಡಜ್ಜಿ, ಮೊದ್ಲು ಆಧಾರ್ ತೋರ್ಸು” ಅಂದ. ತೋರಿಸಿದೆ. ತೋರಿಸುತ್ತಲೇ ಇನ್ನೊಂದು ಸಲ ಹೇಳಿದೆ.

ನಾನು ಓದಿದ್ದು ಮೂರನೇ ಕ್ಲಾಸು. ಬರೆದರೆ ಒತ್ತಕ್ಷರ ಎಲ್ಲೆಲ್ಲೋ ಹೋಗಿ ಕೂರುತ್ತವೆ, ಮೊಮ್ಮಗಳು ತಿದ್ದಿಕೊಡುತ್ತಾಳೆ. ಆದರೂ ಇದನ್ನು ಬರೆಯದೆ ಇದ್ದರೆ ನನಗೆ ಸಮಾಧಾನವಿಲ್ಲ.

ನಮ್ಮದು ಕನಕಪುರದ ಕಡೆಯ ಊರು. ಕ್ರೈಸ್ತರ ಮನೆಗಳು ಕೆಲವೇ, ಉಳಿದವರೆಲ್ಲ ಗೌಡರು. ಯಾರ ಮನೆಗೆ ಹೋದರೂ ರೇಷ್ಮೆ ಹುಳು ಇದ್ದೇ ಇರುತ್ತವೆ. ನಮ್ಮ ಮನೆಯಲ್ಲೂ ಅದೇ ಬದುಕು. ಯಜಮಾನರು ಹುಳುಮನೆ ನೋಡಿಕೊಳ್ಳುತ್ತಾರೆ, ಸೊಸೆ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಾಳೆ, ಮಗ ಬಿಡದಿಯ ಫ್ಯಾಕ್ಟರಿಗೆ ಶಿಫ್ಟಿನ ಮೇಲೆ ಹೋಗುತ್ತಾನೆ. ಒಬ್ಬಳೇ ಮೊಮ್ಮಗಳು ರಾಮನಗರದಲ್ಲಿ ನಮ್ಮ ಚರ್ಚಿನವರೇ ನಡೆಸುವ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಿದ್ದಳು. ನಮ್ಮ ಮನೆತನದಲ್ಲಿ ಬಿಳಿ ಕೋಟು ಹಾಕಿಕೊಂಡವರು ಅವಳಿಗಿಂತ ಮೊದಲು ಯಾರೂ ಇಲ್ಲ.

ಒಂದು ಮಾತನ್ನು ಈಗಲೇ ಬಿಡಿಸಿ ಹೇಳಬೇಕು, ಇಡೀ ಕತೆ ನಿಂತಿರುವುದೇ ಅದರ ಮೇಲೆ. ರೇಷ್ಮೆ ಹುಳು ಗೂಡು ಕಟ್ಟುವುದರೊಳಗೆ ನಾಲ್ಕು ಸಲ ತಿನ್ನುವುದನ್ನು ಬಿಟ್ಟು, ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದೆ. ಆಗ ನಾವು ಅದರ ಮೇಲೆ ಸುಣ್ಣದ ಪುಡಿ ಹೊಡೆಯುತ್ತೇವೆ. ಹಳೇ ಚರ್ಮ ಕಳಚಿಕೊಂಡು ಏಳುತ್ತದೆ. ಅದಕ್ಕೆ ನಾವು ‘ಜ್ವರ’ ಅನ್ನುತ್ತೇವೆ. ಹುಳು ಜ್ವರಕ್ಕೆ ಕೂತವು, ಹುಳು ಜ್ವರ ಎದ್ದವು. ಕಾಯಿಲೆ ಅಲ್ಲ, ಕಸಾಲೆ ಅಲ್ಲ, ಅದು ಅವುಗಳ ಬೆಳವಣಿಗೆ. ನಾಲ್ಕನೇ ಜ್ವರ ಎದ್ದ ಮೇಲೆ ನೋಡಬೇಕು ಅವುಗಳ ಹಸಿವನ್ನು! ಮನೆ ಮಂದಿಯೆಲ್ಲ ಸೊಪ್ಪು ಹೊತ್ತು ಹಾಕಿದರೂ ಸಾಲುವುದಿಲ್ಲ.

ಈ ಸಲ ನಾಲ್ಕನೇ ಜ್ವರ ಏಳುವ ಹೊತ್ತಿಗೆ ಸೊಸೆ ಕೈಗೆ ಕುಡುಗೋಲು ತಾಗಿಸಿಕೊಂಡಿದ್ದಳು. ಯಜಮಾನರು ಮೊಮ್ಮಗಳಿಗೆ ಫೋನ್ ಮಾಡಿದರು. “ಮಗಾ, ನಾಕ್ನೇ ಜ್ವರ ಎದ್ದವೆ ಕಣವ್ವ. ನಿಮ್ಮವ್ವ ಬೇರೆ ಕೈ ಕುಯ್ಕಂಡವ್ಳೆ. ರಜ ಕೇಳ್ಕಂಡು ಬಂದ್ಬುಡು.”

ಅವಳು ವಾರ್ಡನ್ ಹತ್ತಿರ ಹೋಗಿ, “ಮೇಡಂ, ಮನೇಲಿ ನಾಲ್ಕನೇ ಜ್ವರ. ಅಮ್ಮನ ಕೈಲಿ ಆಗ್ತಾ ಇಲ್ಲ, ಹೋಗ್ಬೇಕು” ಅಂದಳು. ವಾರ್ಡನ್ ಮೇಡಂ ಸಮುದ್ರದ ಕಡೆಯ ಜಿಲ್ಲೆಯಿಂದ ಹೊಸದಾಗಿ ಬಂದವರು. ಅವರಿಗೆ ಮೀನು ಗೊತ್ತು, ಹುಳು ಗೊತ್ತಿಲ್ಲ. “ಅಯ್ಯೋ, ಹೋಗಮ್ಮ, ಹೋಗು” ಅಂತ ಕಳಿಸಿದರು. ಅಲ್ಲಿಯವರೆಗೂ ಎಲ್ಲ ಸರಿಯಾಗಿಯೇ ಇತ್ತು.

ಹುಡುಗಿ ಬಂದಳು, ದುಡಿದಳು. ನಮ್ಮ ಸೊಪ್ಪು ಸಾಲದೆ ಹೋದಾಗ ಅವಳ ಸೋದರಮಾವ, ಅಂದರೆ ನನ್ನ ಸೊಸೆಯ ತಮ್ಮ, ಬೈಕಿನಲ್ಲಿ ಅವಳನ್ನು ಕೂರಿಸಿಕೊಂಡು ಕೈಲಾಂಚದ ಕಡೆ ಸೊಪ್ಪು ಕೊಳ್ಳಲು ಹೋದ. ಅವರು ಅತ್ತ ಹೋದಾಗ ಇತ್ತ ಯಜಮಾನರಿಗೆ ಒಂದು ಫೋನ್ ಬಂತು. ಹುಳುಮನೆಯೊಳಗಿಂದಲೇ ಜೋರಾಗಿ ಮಾತಾಡುವುದು ಕೇಳಿಸಿತು. ಅವರಿಗೆ ಒಂದು ಕಿವಿ ಮಂದ, ಅದಕ್ಕೇ ಊರಿಗೆಲ್ಲ ಕೇಳುವ ಹಾಗೆ ಮಾತಾಡುತ್ತಾರೆ. ಹೊರಗೆ ಬಂದು, “ಚಾಕಿ ಸೆಂಟ್ರು ಮೇಡಂ ಇರ್ಬೇಕು ಕಣಮ್ಮಿ. ಸರಿಯಾಗ್ ಉಗುದೆ” ಅಂದರು. ಚಾಕಿ ಸೆಂಟರ್ ಅಂದರೆ ಮರಿ ಹುಳು ಸಾಕಿ ನಮಗೆ ಕೊಡುವವರು. ಆ ಫೋನನ್ನು ನಾವೆಲ್ಲ ಅಲ್ಲೇ ಮರೆತೆವು.

ಮೊಮ್ಮಗಳು ವಾಪಸ್ ಹಾಸ್ಟೆಲಿಗೆ ಹೋದರೆ ಅವಳ ಪೆಟ್ಟಿಗೆ ಹೊರಗೆ ಜಗುಲಿಯ ಮೇಲಿತ್ತು! ಹಾಸಿಗೆ ಸುತ್ತಿ ಇಟ್ಟಿದ್ದರು. ಜೊತೆಯ ಹುಡುಗಿಯರು ಕಿಟಕಿಯಿಂದ ನೋಡುತ್ತಿದ್ದರಂತೆ, ಒಬ್ಬಳೂ ಮಾತಾಡಲಿಲ್ಲ, ಮಾತಾಡಬಾರದು ಅಂತ ಹೇಳಿದ್ದರಂತೆ. “ನೀನು ಎಲ್ಲಿದ್ದೆ ಅಂತ ನಮಗೆ ಗೊತ್ತು. ಕಮಿಟಿಯಲ್ಲಿ ತೀರ್ಮಾನ ಆಗಿದೆ” ಅಂದರು ವಾರ್ಡನ್. ಇವಳು ಬಾಯಿ ತೆರೆದಳು. “ಇನ್ನೊಂದು ಸುಳ್ಳು ಬೇಡ” ಅಂದರು. ಅಷ್ಟೇ. ತಪ್ಪು ಏನು ಅಂತ ಹೇಳಲಿಲ್ಲ, ಯಾರು ಕಂಡರು ಅಂತ ಹೇಳಲಿಲ್ಲ. ಹಾಸ್ಟೆಲ್ ಇಲ್ಲದಿದ್ದರೆ ಕಾಲೇಜೂ ಇಲ್ಲ, ಎರಡೂ ಒಂದೇ ಆಡಳಿತ. ಪರೀಕ್ಷೆ ಹತ್ತಿರ ಬಂದಿತ್ತು.

ಪೆಟ್ಟಿಗೆ ಹೊತ್ತುಕೊಂಡು ಬಸ್ಸಿಳಿದು ಬಂದ ಮಗುವನ್ನು ನೋಡಿ ಸೊಸೆ ಓಡಿಬಂದು ಪೆಟ್ಟಿಗೆ ಇಳಿಸಿಕೊಂಡಳು. ಮಗ ಬಿಡದಿಯಿಂದ ಬಂದವನು ಹಾಸ್ಟೆಲಿಗೆ ಫೋನ್ ಮಾಡಿದ. “ನಿಮ್ಮ ಮನೆಯ ಹಿರಿಯರೇ ಒಪ್ಪಿಕೊಂಡಿದ್ದಾರೆ, ನಮ್ಮನ್ನೇನು ಕೇಳ್ತೀರಿ” ಅಂತ ಹೇಳಿ ಇಟ್ಟುಬಿಟ್ಟರು. ಯಾವ ಹಿರಿಯರು? ಏನು ಒಪ್ಪಿಕೊಂಡರು? ನಮಗೆ ಒಂದೂ ತಿಳಿಯಲಿಲ್ಲ. ಮನೆಯೊಳಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅದು ಇನ್ನೂ ಕೆಟ್ಟದ್ದು, ನಮ್ಮ ನಮ್ಮಲ್ಲೇ ಅನುಮಾನ ಬಂದುಬಿಟ್ಟಿತು. ಮೊಮ್ಮಗಳು ನನ್ನನ್ನೇ ಕೇಳಿದಳು, “ಅಜ್ಜಿ, ನೀನೇನಾದ್ರೂ ಅಂದ್ಯಾ?”

ಪಕ್ಕದ ಮನೆ ಗೌಡಗಿತ್ತಿ ನನ್ನ ಓರಗೆಯವಳು. ಚಿಕ್ಕಂದಿನಿಂದ ಬೈದಾಡಿಕೊಂಡೇ ಸ್ನೇಹ. ಅವಳು ಬಂದು ಕೂತು, “ನಾನು ಕಬ್ಬಾಳಮ್ಮಂಗೆ ಹೇಳ್ಕಂಡಿವ್ನಿ ಕಣೆ, ಕೂಸು ವಾಪಸ್ ಓದಕ್ಕೋದ್ರೆ ಬೆಟ್ಟದ್ ಬುಡುಕ್ಕೆ ಬಂದು ಕಾಯಿ ಒಡಿತೀನಿ ಅಂತ” ಅಂದಳು. ಆಮೇಲೆ ಸುಮ್ಮನಿರಬಾರದೇ, “ಅಲ್ಲ ಕಣೆ, ನಿಮ್ ದ್ಯಾವ್ರು ಎಲ್ಲಾರ್ದೂ ಕೇಳ್ತರೆ ಅಂತೀಯಲ್ಲ, ನಿಮ್ಮೋರು ಒಂದ್ ಕೂಸಿನ ಮಾತ್ ಕೇಳ್ನಿಲ್ವಲ್ಲೆ?” ಅಂದಳು.

ಚುಚ್ಚಿತು. ನಿಜವಾದದ್ದಕ್ಕೇ ಚುಚ್ಚಿತು.

ತಪಸ್ಸುಕಾಲ ನಡೆಯುತ್ತಿತ್ತು, ಈಸ್ಟರಿಗೆ ಮುಂಚೆ ನಾವು ಉಪವಾಸವಿದ್ದು ಶುಕ್ರವಾರ ಮಾಂಸ ಬಿಡುವ ದಿನಗಳು. ಶುಕ್ರವಾರ ಚರ್ಚಿನಲ್ಲಿ ಶಿಲುಬೆ ಹಾದಿ. ಯೇಸುಸ್ವಾಮಿ ಶಿಲುಬೆ ಹೊತ್ತು ನಡೆದ ದಾರಿಯ ಚಿತ್ರಗಳು ಗೋಡೆಗೆ ಸಾಲಾಗಿ ಇವೆ, ಒಂದೊಂದರ ಮುಂದೆಯೂ ನಿಂತು, ಮೊಣಕಾಲೂರಿ ಪ್ರಾರ್ಥನೆ ಮಾಡುತ್ತೇವೆ. ಸ್ವಾಮಿ ಬೀಳುವ ಚಿತ್ರದ ಹತ್ತಿರ, ತಾಯಿ ಎದುರಾಗುವ ಚಿತ್ರದ ಹತ್ತಿರ ನಾನು ಪ್ರತಿ ವರ್ಷ ಅತ್ತಿದ್ದೇನೆ. ಮೊದಲನೇ ಚಿತ್ರದ ಮುಂದೆ ಯಾವತ್ತೂ ಅತ್ತಿರಲಿಲ್ಲ. ಅಲ್ಲಿ ರಕ್ತವಿಲ್ಲ, ಮೊಳೆ ಇಲ್ಲ. ಸ್ವಾಮಿಗೆ ಸಾವಿನ ತೀರ್ಪು ಕೊಟ್ಟ ಅಧಿಕಾರಿ ಕುರ್ಚಿಯ ಮೇಲೆ ಕೂತು ಕೈ ತೊಳೆಯುತ್ತಿದ್ದಾನೆ, ಅಷ್ಟೇ. ಈ ವರ್ಷ ಆ ಚಿತ್ರದ ಮುಂದೆ ನನ್ನ ಕಾಲು ಕಿತ್ತು ಬರಲಿಲ್ಲ. ಶಿಲುಬೆ ಶುರುವಾಗಿದ್ದು ಮೊಳೆ ಹೊಡೆದ ಬೆಟ್ಟದ ಮೇಲಲ್ಲ, ಇಲ್ಲಿ, ಈ ಕುರ್ಚಿಯ ಹತ್ತಿರ! ಜನ ಕೂಗಿದರು, ಅಧಿಕಾರಿಗೆ ಅವಸರ, ತೀರ್ಪು ಆಗಿಹೋಯಿತು. ಮೊಳೆ ಹೊಡೆದವರು ಆಮೇಲೆ ಬಂದವರು.

ಪೂಜೆ ಮುಗಿದ ಮೇಲೆ ಫಾದರ್ ಹತ್ತಿರ ಹೋದೆ. ಹಾಸ್ಟೆಲ್ ಕಮಿಟಿಗೆ ಅವರೂ ಒಬ್ಬರು. “ಫಾದರ್, ನನ್ನ ಮೊಮ್ಮಗಳು ತಪ್ಪೇ ಮಾಡಿರಬೋದು. ನಾನು ಇಲ್ಲ ಅನ್ನಲ್ಲ. ಆದ್ರೆ ಅವಳನ್ನ ಕೂರಿಸ್ಕಂಡು ಕೇಳ್ಲಿಲ್ಲ. ಪಾಪನಿವೇದನೆಗೆ ನಾವು ಬಂದ್ರೆ ನೀವು ಮೊದ್ಲು ಕೇಳ್ತೀರೋ, ಮೊದ್ಲು ಶಿಕ್ಷೆ ಕೊಡ್ತೀರೋ?” ಅಂದೆ. ಅವರು ಬೂಟಿನ ತುದಿ ನೋಡಿಕೊಂಡು ನಿಂತರು. “ಆ ಸಭೆಗೆ ನಾನು ಹೋಗಿರ್ಲಿಲ್ಲ ಅಜ್ಜಿ. ಸಹಿಗೆ ಬಂದಿತ್ತು, ಹಾಕ್ದೆ” ಅಂದರು. ಮುಂದಿನ ಶುಕ್ರವಾರ ಕಮಿಟಿ ಮತ್ತೆ ಸೇರುವಂತೆ ಅವರೇ ಮಾಡಿದರು.

ಆ ಶುಕ್ರವಾರವೇ ಇವತ್ತು! ಬೆಳಿಗ್ಗೆ ನಾನು, ಯಜಮಾನರು, ಮೊಮ್ಮಗಳು ಮೂವರೂ ರಾಮನಗರದ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಯಜಮಾನರಿಗೆ ನನ್ನದು ಒಂದೇ ಮಾತು. “ನೀವು ಬಾಯಿ ಬುಡಬ್ಯಾಡಿ. ನಾನ್ ಮಾತಾಡ್ತೀನಿ.” “ನಾನ್ಯಾಕ್ ಬುಡ್ಲಿ? ನಂಗೇನ್ ಗೊತ್ತು ಹಾಸ್ಟಲ್ ಇಚಾರ?” ಅಂದರು.

ಉದ್ದನೆಯ ಮೇಜು. ಆ ಕಡೆ ಫಾದರ್, ವಾರ್ಡನ್ ಮೇಡಂ, ಇನ್ನೂ ಕೆಲವರು. ಮೂಲೆಯಲ್ಲಿ ಮಾಗಡಿ ಕಡೆಯ ಒಬ್ಬರು ಹಿರಿಯರು, ಕೈಯಲ್ಲಿ ಊರುಗೋಲು. ಫಾದರ್ ಮೊದಲೇ ಹೇಳಿದರು, “ಏನು ಆರೋಪ ಅಂತ ಹುಡುಗಿ ಎದುರಿಗೆ ಹೇಳಿ. ಆಮೇಲೆ ಅವಳು ಹೇಳ್ಲಿ.” ಇಷ್ಟು ಸಣ್ಣ ಮಾತು! ಇದನ್ನು ಆವತ್ತೇ ಅಂದಿದ್ದರೆ ನಾನು ಬಸ್ಸೇ ಹತ್ತಬೇಕಿರಲಿಲ್ಲ.

ವಾರ್ಡನ್ ಹೇಳಿದರು. “ಮನೆಯಲ್ಲಿ ನಾಲ್ಕನೇ ಸಲ ಜ್ವರ ಬಂದಿದೆ ಅಂತ ಹೇಳಿ ಹೋದಳು. ನಾನು ಕಾಳಜಿಯಿಂದಲೇ ಮನೆಗೆ ಫೋನ್ ಮಾಡಿದೆ. ಜ್ವರ ಹೇಗಿದೆ ಅಂತ ಕೇಳಿದೆ. ಅಜ್ಜನವರೇ ಎತ್ತಿದರು. ಜ್ವರ ಈಗೆಲ್ಲಿದೆ, ಎಲ್ಲ ಎದ್ದು ಗಬಗಬ ತಿನ್ನೋದೇ ಅಂದರು. ಡಾಕ್ಟರಿಗೆ ತೋರಿಸಿದ್ರಾ ಅಂದೆ. ಡಾಕ್ಟರ್ ಯಾಕೆ, ಸುಣ್ಣ ಹೊಡೆದಿದೀನಿ ಅಂದರು.”

ನನ್ನ ಪಕ್ಕದಲ್ಲಿ ಯಜಮಾನರು ಅಲ್ಲಾಡಿದರು. ಮೂಲೆಯಲ್ಲಿದ್ದ ಮಾಗಡಿಯವರ ಊರುಗೋಲೂ ಅಲ್ಲಾಡಿತು.

“ಹುಡುಗಿ ಬಂದಿದ್ದಾಳಾ ಅಂತ ಕೇಳಿದೆ,” ಅಂದರು ವಾರ್ಡನ್. “ಯಾವ ಹುಡುಗಿಯೂ ಬಂದಿಲ್ಲ, ನೀವು ಬರೀ ಕಳಿಸ್ತೀವಿ ಅಂತೀರಿ, ಒಬ್ಬಳೂ ಬರಲ್ಲ ಅಂತ ನನಗೇ ಬೈದರು. ಅದೇ ದಿನ ನಮ್ಮ ಸಿಬ್ಬಂದಿಯೊಬ್ಬರು ಇವಳನ್ನು ಕೈಲಾಂಚದ ಹತ್ತಿರ ಒಬ್ಬ ಹುಡುಗನ ಬೈಕಿನಲ್ಲಿ ನೋಡಿದ್ದಾರೆ. ಇನ್ನೇನು ಉಳಿಯಿತು ಹೇಳಿ?”

“ಅಯ್ಯೋ ತಾಯೀ!” ಯಜಮಾನರು ಎದ್ದು ನಿಂತೇಬಿಟ್ಟರು. ಅವರ ದನಿಗೆ ಹೊರಗೆ ಕಾಗೆ ಹಾರಿಹೋಯಿತು. “ಫೋನ್ ಮಾಡಿದ್ದು ನೀವಾ! ನಾನು ಚಾಕಿ ಸೆಂಟ್ರು ಮೇಡಂ ಅನ್ಕಂಡ್ನಲ್ಲ! ಹುಳ ನೋಡಕ್ಕೆ ಹುಡ್ಗಿ ಕಳುಸ್ತೀವಿ ಅಂತ ಹೇಳಿ ಕಳ್ಸಿರ್ನಿಲ್ಲ, ಅದುಕ್ಕೆ ಉಗುದೆ! ಜ್ವರ ಬಂದಿದ್ದು ನಂಗಲ್ಲ ಕಣವ್ವ, ಹುಳಕ್ಕೆ!”

“ಹುಳಕ್ಕಾ?” ಅಂದರು ವಾರ್ಡನ್.

ಅಷ್ಟರಲ್ಲಿ ಮಾಗಡಿಯವರು ಊರುಗೋಲು ನೆಲಕ್ಕೆ ಕುಟ್ಟಿ ಕುಟ್ಟಿ ನಗಲು ಶುರು ಮಾಡಿದ್ದರು. ಕಣ್ಣಲ್ಲಿ ನೀರು. “ನಾಕ್ನೇ ಜ್ವರ! ನಮ್ಮಪ್ಪನೂ ಹುಳ ಸಾಕಿದ್ರು ಫಾದರ್. ಆವತ್ತಿನ ಸಭೇಲಿ ಬರೀ ‘ಸುಳ್ಳು ಹೇಳಿ ಹೋಗಿದ್ದಾಳೆ’ ಅಂದ್ರು. ಏನ್ ಸುಳ್ಳು ಅಂತ ನಾವೂ ಕೇಳ್ಲಿಲ್ಲ” ಅಂದರು. ಹಾಗನ್ನುತ್ತಾ ಅನ್ನುತ್ತಾ ಅವರ ನಗು ನಿಂತುಹೋಯಿತು. “ಕೇಳ್ಲಿಲ್ಲ” ಅಂತ ಇನ್ನೊಂದು ಸಲ ಮೆಲ್ಲಗೆ ಅಂದರು.

ವಾರ್ಡನ್ ಮುಖ ಕೆಂಪಾಗಿತ್ತು. ಮೊಮ್ಮಗಳ ಕಡೆ ತಿರುಗಿ, “ನೀನಾದ್ರೂ ಹುಳಕ್ಕೆ ಅಂತ ಹೇಳಬಾರದಿತ್ತಾ?” ಅಂದರು.

“ನಮ್ಮನೇಲಿ ಜ್ವರ ಅಂದ್ರೆ ಹುಳಾನೇ ಮೇಡಂ. ಬೇರೆ ಇದೆ ಅಂತ ಹೊಳೀಲಿಲ್ಲ. ನೀವು ಒಂದ್ ಮಾತು ಕೇಳಿದ್ರೆ ಹೇಳ್ತಿದ್ದೆ” ಅಂದಳು. “ಬೈಕಲ್ಲಿದ್ದಿದ್ದು ನಮ್ಮಮ್ಮನ ತಮ್ಮ. ಹಿಂದೆ ಸೊಪ್ಪಿನ ಮೂಟೆ ಇತ್ತಲ್ಲ, ಅದನ್ನ ನೋಡ್ಲಿಲ್ವಾ ಅವರು?”

ಆ ಮೇಡಂ ಮೇಲೆ ನನಗೆ ಸಿಟ್ಟಿಲ್ಲ. ಸತ್ಯವಾಗಿ ಇಲ್ಲ. ಅವರು ಕೇಳಿಸಿಕೊಂಡಿದ್ದನ್ನು ನಾನು ಕೇಳಿಸಿಕೊಂಡಿದ್ದರೆ ನಾನೂ ಹಾಗೇ ಅಂದುಕೊಳ್ಳುತ್ತಿದ್ದೆನೇನೋ. ಅನುಮಾನ ಬರುವುದು ತಪ್ಪಲ್ಲ. ಅನುಮಾನವನ್ನೇ ತೀರ್ಪು ಮಾಡಿಕೊಂಡು ಪೆಟ್ಟಿಗೆ ಹೊರಗಿಡುವುದಿದೆಯಲ್ಲ, ಅದು ತಪ್ಪು. ಅದನ್ನು ಅಲ್ಲೇ ಹೇಳಿದೆ, ನನಗೆಲ್ಲಿಂದ ಧೈರ್ಯ ಬಂತೋ. “ಮೊದಲನೇ ಗಂಡಹೆಂಡ್ರು ತೋಟದಲ್ಲಿ ಬೇಡ ಅಂದ ಹಣ್ಣು ತಿಂದು ಅವಿತ್ಕಂಡಾಗ, ದೇವರಿಗೆ ಗೊತ್ತಿರ್ಲಿಲ್ವಾ ಅವರೆಲ್ಲವ್ರೆ ಅಂತ? ಗೊತ್ತಿತ್ತು. ಆದ್ರೂ ಕರೆದು ಕೇಳಿದ್ರು. ಅವನ ಮಾತೂ ಕೇಳಿದ್ರು, ಅವಳ ಮಾತೂ ಕೇಳಿದ್ರು. ಆಮೇಲೆ ಆಚೆ ಕಳ್ಸಿದ್ದು. ಎಲ್ಲಾ ಗೊತ್ತಿರೋ ದೇವರೇ ಕೇಳ್ದೆ ಕಳಿಸ್ಲಿಲ್ಲ. ಅರ್ಧ ಗೊತ್ತಿರೋ ನಾವು ಕೇಳ್ಬೇಕೋ ಬ್ಯಾಡ್ವೋ?”

ಫಾದರ್ ನನ್ನನ್ನೇ ನೋಡುತ್ತಿದ್ದರು. ಆಮೇಲೆ ತೀರ್ಮಾನ ಆಗುವುದಕ್ಕೆ ಹೊತ್ತು ಹಿಡಿಯಲಿಲ್ಲ. ಎಲ್ಲ ಹುಡುಗಿಯರನ್ನೂ ಹಾಲಿಗೆ ಕರೆಸಿದರು. ವಾರ್ಡನ್ ಮೇಡಂ ತಾವೇ ನಿಂತು, “ನಾನು ಕೇಳದೆ ಶಿಕ್ಷೆ ಕೊಟ್ಟೆ. ಇವಳದು ಏನೂ ತಪ್ಪಿಲ್ಲ” ಅಂದರು. ಎಲ್ಲರಿಗೂ ಕೇಳುವ ಹಾಗೆ ಅಂದರು. ಅದು ಸುಲಭದ ಕೆಲಸವಲ್ಲ, ಅವರನ್ನು ನಾನು ಮೆಚ್ಚಿದೆ. ಹುಡುಗಿಯರು ಕೂಗಿದ ಕೂಗು, ಚಪ್ಪಾಳೆ! ಕಿಟಕಿಯಲ್ಲಿ ಸುಮ್ಮನೆ ನಿಂತಿದ್ದವರೇ ಓಡಿಬಂದು ತಬ್ಬಿಕೊಂಡರು.

ನಾನು ಹೊರಡೋಣ ಅಂತ ಸೆರಗು ಸರಿ ಮಾಡಿಕೊಳ್ಳುತ್ತಿದ್ದೆ. ಮೊಮ್ಮಗಳು ಮಾತ್ರ ಅಲ್ಲೇ ನಿಂತಿದ್ದಳು. “ಫಾದರ್, ಹೋದ ವರ್ಷ ಚನ್ನಪಟ್ಟಣದ ಹುಡುಗೀನ ಹೀಗೇ ಕಳಿಸಿದ್ರು. ಅವಳನ್ನೂ ಕರೆದು ಕೇಳ್ಬೇಕು” ಅಂದಳು.

“ಅವಳು ಬೇರೆಯವರ ಫೋನ್ ಕದ್ದಿದ್ದು ನಿಜ ಅಲ್ವಾ?” ಅಂದರು ಮೇಜಿನ ಆ ಕಡೆ ಒಬ್ಬರು.

“ನಿಜವೇ ಇರಬೋದು. ಆದ್ರೂ ಅವಳ ಮಾತು ಕೇಳ್ಲಿಲ್ಲ. ಸ್ವಾಮಿ ಪಕ್ಕದ ಶಿಲುಬೇಲಿ ತೂಗುಹಾಕಿದ್ದವನು ನಿಜವಾಗ್ಲೂ ಕಳ್ಳನೇ ಅಲ್ವಾ? ಅವನ ಮಾತನ್ನ ಸ್ವಾಮಿ ಕೇಳಿಸ್ಕೊಂಡ್ರು.”

ನನ್ನ ಎದೆ ಹಿಗ್ಗಿದ್ದು ಆಗ! ವಾಪಸ್ ಸೇರಿಸಿಕೊಂಡಾಗ ಹಿಗ್ಗಿದ್ದಕ್ಕಿಂತ ಜಾಸ್ತಿ. ನಾನು ನನ್ನ ಮಗು ತಪ್ಪು ಮಾಡಿಲ್ಲ ಅಂತ ಹೋರಾಡಲು ಹೋಗಿದ್ದೆ. ಅವಳು ನನಗಿಂತ ಮುಂದಕ್ಕೆ ಹೋಗಿ ನಿಂತಿದ್ದಳು. ಯೇಸುಸ್ವಾಮಿಯ ಮಾತನ್ನು ಯಾರೂ ಕೇಳಲಿಲ್ಲ, ಆದರೆ ಅಂಥಾ ನೋವಿನಲ್ಲೂ ಅವರು ತಪ್ಪಿತಸ್ಥನೊಬ್ಬನಿಗೆ ಕಿವಿ ಕೊಟ್ಟರು. ತಪ್ಪು ಮಾಡದವರ ಮಾತನ್ನು ಮಾತ್ರ ಕೇಳುತ್ತೇವೆ ಅಂದರೆ, ತಪ್ಪು ಮಾಡಿಲ್ಲ ಅಂತ ಗೊತ್ತಾಗುವುದಾದರೂ ಹೇಗೆ? ಇಷ್ಟು ವರ್ಷ ಮೊಣಕಾಲೂರಿ ಪ್ರಾರ್ಥನೆ ಮಾಡಿದ ನನಗೆ ಇದು ಹೊಳೆದಿರಲಿಲ್ಲ. ಫಾದರ್ ಎದ್ದು, “ಚನ್ನಪಟ್ಟಣಕ್ಕೆ ನಾನೇ ಹೋಗ್ತೀನಿ. ಇನ್ಮೇಲೆ ಯಾರ ಮಾತೂ ಕೇಳ್ದೆ ಇಲ್ಲಿಂದ ಯಾರನ್ನೂ ಕಳಿಸೋದು ಬೇಡ” ಅಂದರು. ಮಾಗಡಿಯವರು “ಹೂಂ” ಅಂದರು. ವಾರ್ಡನ್ನೂ ತಲೆಯಾಡಿಸಿದರು.

ಸೋಮವಾರದಿಂದ ಹಾಸ್ಟೆಲಿಗೆ ಬಾ ಅಂದರು. ಅಲ್ಲಿಯವರೆಗೆ ಮೊಮ್ಮಗಳು ನಮ್ಮವಳು!

ಊರಿಗೆ ಬಂದಿಳಿದಾಗ ಸಂಜೆ. ಗೌಡಗಿತ್ತಿ ರಸ್ತೆಯಲ್ಲೇ ಕಾದಿದ್ದಳು. “ಏನಾಯ್ತೆ?” ಅಂದಳು. ಹೇಳಿದೆ. “ನೋಡ್ದಾ, ನಮ್ಮವ್ವ ಮಾಡ್ಕೊಟ್ಳು” ಅಂದಳು. “ನಮ್ ಸ್ವಾಮಿ ಮಾಡ್ಕೊಟ್ರು ಕಣೆ” ಅಂದೆ. “ಸರಿ ಬುಡು, ಇಬ್ರೂ ಸೇರ್ಕಂಡು ಮಾಡವ್ರೆ. ನಾನಂತೂ ಕಾಯಿ ಒಡಿಯದೇ” ಅಂತ ನನ್ನ ಬೆನ್ನಿಗೊಂದು ಗುದ್ದಿದಳು.

ಯಜಮಾನರಿಗೆ ಕೋಳಿ ಕುಯ್ಯುವ ಆಸೆ. “ಲೇ, ಇವತ್ತೊಂದಿನ ಏನಾಗಲ್ಲ ಕಣೆ. ತಪಸ್ಸುಕಾಲದ ಶುಕ್ರವಾರ ಆದ್ರೂ ಸ್ವಾಮಿ ಬೇಜಾರ್ ಮಾಡ್ಕಳಲ್ಲ.”

“ಅವರನ್ನ ಕೇಳ್ದೆ ನೀನೇ ತೀರ್ಮಾನ ಮಾಡ್ಬೇಡ ತಾತ” ಅಂದಳು ಮೊಮ್ಮಗಳು.

ಹಿತ್ತಲ ಕೋಳಿ ಉಳಿಯಿತು. ಸೊಸೆ ದಂಟಿನ ಸೊಪ್ಪು, ಹೆಸರುಕಾಳು ಬೇಯಿಸಿ ಬಸ್ಸಾರು ಮಾಡಿದಳು. ನಾನು ಮುದ್ದೆ ತೊಳಸಿದೆ, ದೊಡ್ಡ ದೊಡ್ಡದಾಗಿ ಕಟ್ಟಿದೆ. ಶಾವಿಗೆ ಪಾಯಸಕ್ಕೆ ಗೌಡಗಿತ್ತಿ ಚೊಂಬು ತುಂಬ ಹಾಲು ತಂದು ಅಲ್ಲೇ ಕೂತಳು. ಸೊಸೆಯ ತಮ್ಮನೂ ಬಂದ. ಅವನಿಗೆ ಎರಡು ಮಕ್ಕಳು, ತಲೆಯಲ್ಲಿ ಅರ್ಧ ಕೂದಲಿಲ್ಲ. “ನಿನ್ನ ಅವ್ರು ಹುಡ್ಗ ಅಂದ್ರು ಕಣ್ಲಾ” ಅಂತ ಯಜಮಾನರು ಹೇಳಿದ್ದಕ್ಕೆ, “ಇನ್ನೊಂದ್ಸಲ ಹೇಳಿ ಮಾವ, ನನ್ನೆಂಡ್ತಿಗೆ ಫೋನಲ್ಲಿ ಕೇಳುಸ್ತೀನಿ” ಅಂದ.

ಮಗ ಬಿಡದಿಯಿಂದ ಬಂದವನು ಫ್ಯಾಕ್ಟರಿಯ ಬಟ್ಟೆಯಲ್ಲೇ ಮಗಳ ಪಕ್ಕ ಕೂತ. ಅವನಿಗೆ ಮಾತು ಕಡಿಮೆ. ತಟ್ಟೆ ಮುಂದೆ ಎಳೆದುಕೊಂಡು, “ಮೊದಲಿಂದ ಹೇಳು, ಏನೇನಾಯ್ತು. ನಾನು ಕೇಳ್ತೀನಿ” ಅಂದ. ಎಲ್ಲರೂ ಒಟ್ಟಿಗೇ ಹೇಳಲು ಹೋಗಿ ಯಾರ ಮಾತೂ ಕೇಳಿಸಲಿಲ್ಲ. ನಾನು ಊಟದ ಪ್ರಾರ್ಥನೆ ಶುರು ಮಾಡಿದ ಮೇಲೆ ಸುಮ್ಮನಾದರು. ಪ್ರಾರ್ಥನೆಯ ಮಧ್ಯೆ ಕರೆಂಟು ಹೋಯಿತು. ಯಾರೂ ಏಳಲಿಲ್ಲ. ಮೊಮ್ಮಗಳು ಫೋನಿನ ದೀಪ ಹಚ್ಚಿ ಚೊಂಬಿಗೆ ಒರಗಿಸಿದಳು, ಆಮೆನ್ ಅಂದೆವು, ಎಲ್ಲರ ಕೈಯೂ ಒಟ್ಟಿಗೇ ಮುದ್ದೆಗೆ ಇಳಿಯಿತು.

“ಸಾರು ಈ ಕಡೆ ಬುಡ್ರವ್ವ” ಅಂದಳು ಗೌಡಗಿತ್ತಿ.